ರಂಗಮ್ಮನ ಬೆರಳು ಹಿಡಿದ ಸೀಸೆ

ತೂಕಕ್ಕೆ, ಅಳತೆಗೆ ಸಿಗದ ಯಾವುದನ್ನೂ ನಂಬಿದವನಲ್ಲ ನಾನು. ಯಾರಾದರೂ ದೆವ್ವದ ಕಥೆ ಶುರುಮಾಡಿದರೆ ‘ಅದರ ತೂಕ ಎಷ್ಟಿತ್ತು?’ ಎಂದು ಕೇಳಿ ನಗಿಸುತ್ತಿದ್ದೆ. ಈಗ ನಾನೇ ಒಂದು ಹೇಳಬೇಕಾಗಿದೆ. ನಗುವುದಾದರೆ ನಗಿ.

ಕೆಲವು ವರ್ಷಗಳ ಹಿಂದೆ ಮಧುಗಿರಿಯ ಒಂದು ಪ್ರಯೋಗಾಲಯದಲ್ಲಿ ಹೊಸ ಮದ್ದೊಂದರ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಊತ ತರಿಸುವ ಒಂದೇ ಒಂದು ಕಿಣ್ವವನ್ನು ತಡೆದು, ಹೊಟ್ಟೆಯ ತಂಟೆಗೆ ಹೋಗದಂಥ ಮದ್ದು ಅದು. ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ. ಪಾದ ಊದಿದ ಇಲಿಗಳಿಗೆ ಹತ್ತು ದಿನ ಬಿಡದೆ ಕೊಡಬೇಕು. ಒಂದು ದಿನ ತಪ್ಪಿದರೂ ಎಲ್ಲ ಮೊದಲಿಂದ. ಮತ್ತೆ ಮೊದಲಿಂದ ಶುರುಮಾಡುವಷ್ಟು ಮದ್ದು ನನ್ನಲ್ಲಿ ಇರಲಿಲ್ಲ.

ಏಳನೆಯ ದಿನ ಆಯುಧಪೂಜೆ. ಬೆಳಿಗ್ಗೆ ಹೋಗಿ ನೋಡಿದರೆ, ಪ್ರಯೋಗಾಲಯ ಗುಡಿಸಿ ತೊಳೆಯುವ ರಂಗಮ್ಮ ತಕ್ಕಡಿಗೆ, ಇಲಿಗಳ ಪಂಜರಕ್ಕೆ ಕುಂಕುಮವಿಟ್ಟು ಹೂ ಮುಡಿಸಿದ್ದರು. ನನ್ನ ನಾಲ್ಕು ಸೀಸೆಗಳನ್ನೂ ಬಿಸಿನೀರಲ್ಲಿ ಉಜ್ಜಿ, ಚೀಟಿ ಕಿತ್ತು, ವಿಭೂತಿ ಬಳಿದು ಸಾಲಾಗಿ ನಿಲ್ಲಿಸಿದ್ದರು. ಒಂದರಲ್ಲಿ ಮದ್ದು, ಉಳಿದ ಮೂರರಲ್ಲಿ ಹೋಲಿಕೆಗೆಂದು ಇಟ್ಟ ಬರಿಯ ಪುಡಿ. ನಾಲ್ಕೂ ಒಂದೇ ಬಿಳುಪು.

“ಅಯ್ಯೋ ರಂಗಮ್ಮ, ಏನಿಂಗ್ ಮಾಡ್ಬುಟ್ರಿ!”

“ಚೀಟಿ ಕೊಳಕಾಗಿತ್ತು ಕಣ್ ಸಾ. ಹಬ್ಬದ ದಿನ ದೇವ್ರ ಮುಂದೆ ಅಂಗೇ ಮಡಗಕ್ಕಾಯ್ತದಾ?”

ಪರೀಕ್ಷಿಸುವ ಯಂತ್ರವಿದ್ದದ್ದು ತುಮಕೂರಿನಲ್ಲಿ. ಹಬ್ಬಕ್ಕೆ ಅಲ್ಲಿ ಬಾಗಿಲು ಹಾಕಿತ್ತು. ತಲೆಯ ಮೇಲೆ ಕೈಹೊತ್ತು ಕುಳಿತೆ. ರಂಗಮ್ಮ ಪೆಚ್ಚಾಗಿ ಸೀಸೆಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದರು. ಗೌಡಗೆರೆ ಕಡೆಯವರು. ಕಳ್ಳೆಕಾಯಿ ಸುಲಿದು ಸುಲಿದು ಅವರ ಬೆರಳ ಗೆಣ್ಣುಗಳು ಊದಿ, ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಮೂರನೆಯ ಸೀಸೆ ಹಿಡಿದವರೇ, “ಇದೇನ್ ಸಾ, ಬೆರಳು ಮಡಚ್ತಾ ಅವೆ!” ಎಂದರು. ನಿಜವೇ. ಮುಷ್ಟಿ ಬಿಗಿಯಾಗಿತ್ತು. ಸೀಸೆಯ ಮುಚ್ಚಳ ಮಾತ್ರ ಹಾಕಿದ್ದು ಹಾಕಿದಂತೇ ಇತ್ತು.

ಕಣ್ಣು ಮುಚ್ಚಲು ಹೇಳಿ, ಸೀಸೆಗಳ ತಳಕ್ಕೆ ಗುರುತು ಹಾಕಿ, ಅದಲುಬದಲು ಮಾಡಿ ಮೂರು ಸಲ ಕೈಗಿಟ್ಟೆ. ಮೂರು ಸಲವೂ ಅದೊಂದೇ ಸೀಸೆಗೆ ಬೆರಳುಗಳು ಮಡಚಿಕೊಂಡವು.

“ಸಾಕು ಬುಡಿ ಸಾ, ಕಣ್ಣಾಮುಚ್ಚಾಲೆ ಆಡೋ ವಯಸ್ಸಾ ನಂದು?” ಎಂದು ನಕ್ಕರು.

ಬೇರೆ ದಾರಿಯಿರಲಿಲ್ಲ. ಆ ಸೀಸೆಯದನ್ನೇ ತೂಗಿ ಇಲಿಗಳಿಗೆ ಕೊಟ್ಟೆ. ಹಬ್ಬ ಕಳೆದ ಮೇಲೆ ತುಮಕೂರಿಗೆ ಒಯ್ದು ಪರೀಕ್ಷಿಸಿದರೆ, ಅದೇ ಮದ್ದು! ಪ್ರಯೋಗ ಉಳಿಯಿತು.

ಮದ್ದು ಗಾಜು ದಾಟಿ ಬರುವುದಿಲ್ಲ. ನಾಲ್ಕು ಸೀಸೆಗಳನ್ನೂ ತೊಳೆದದ್ದು ಒಂದೇ ನೀರಲ್ಲಿ. ತೂಕವೂ ಹೆಚ್ಚುಕಡಿಮೆ ಒಂದೇ. ಮತ್ತೆ ಹೇಗೆ? ತಡೆಯಲಾರದೆ ಒಮ್ಮೆ ರಂಗಮ್ಮನನ್ನೇ ಕೇಳಿದೆ.

“ನನ್ನ ಕೇಳಿದ್ರೆ ಹೆಂಗೆ ಸಾ? ಓದಿರೋರು ನೀವು” ಎಂದು ಪೊರಕೆ ಎತ್ತಿಕೊಂಡು ಹೋದರು.

ಓದಿದ್ದೇನೆ, ಹೌದು. ಇನ್ನೂ ಓದುತ್ತಲೇ ಇದ್ದೇನೆ.