ಮೋಸೆಲ್ ದಡದ ಪ್ರದಕ್ಷಿಣೆ

ಜರ್ಮನಿಯ ಮೋಸೆಲ್ ನದಿಯ ವಿಹಾರದ ಹಡಗು, ರೋಮನ್ನರ ಹಾಳುಗುಡಿಯೊಂದನ್ನು ನೋಡಿಬನ್ನಿ ಎಂದು ನಮ್ಮನ್ನು ಒಂದು ಗಂಟೆ ದಡಕ್ಕಿಳಿಸಿತು. ತಡವಾದವರಿಗೆ ಕಾಯುವುದಿಲ್ಲವೆಂದೂ ಹೇಳಿದ್ದರು. ಗುಡಿಯಲ್ಲಿ ಉಳಿದದ್ದು ಮೊಣಕಾಲೆತ್ತರದ ಗೋಡೆ, ಅದನ್ನು ಸುತ್ತಲು ಬಾಣದ ಗುರುತು. ಬಾಣ ತೋರಿಸಿದಂತೆ ನಡೆದರೆ ಗುಡಿ ಎಡಕ್ಕೆ ಬರುತ್ತದೆ. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರು ಅಲ್ಲೇ ನಿಂತರು.

“ದೇವರನ್ನ ಎಡಕ್ಕ ಹಾಕ್ಕೊಂಡು ಸುತ್ತತಾರೇನ್ರಿ?”

“ಒಳಗ ದೇವರಿಲ್ಲರೀ,” ಎಂದೆ.

“ಹೊರಗ ಹೋಗಿದ್ದಾನು. ಗುಡಿ ಅದ ಅಲ್ಲ?”

ಅವರು ಬಾಣಕ್ಕೆ ಎದುರಾಗಿ ಹೊರಟೇಬಿಟ್ಟರು. ಕಂಪ್ಯೂಟರ್ ಕೆಲಸಕ್ಕೆಂದು ತನ್ನದೇ ಗ್ರೀನ್ ಕಾರ್ಡ್ ಕೊಟ್ಟು ನನ್ನನ್ನು ಕರೆಸಿಕೊಂಡ ಈ ದೇಶದಲ್ಲಿ ಅದು ನಮ್ಮ ಮನೆತನದ ಮೊದಲ ಕಾನೂನುಭಂಗ. ಸಮವಸ್ತ್ರದ ಕಾವಲುಗಾರ ಬಂದು ನನ್ನನ್ನು ಕಾರಣ ಕೇಳಿದ. ನನಗೆ ಬಂದ ಜರ್ಮನ್‌ನಲ್ಲಿ ಹೇಳಿದೆ.

“ಎಷ್ಟು ಸುತ್ತು?”

“ಮೂರು.”

ಆತ ಗಂಭೀರವಾಗಿ ತಲೆಯಾಡಿಸಿ, ಅತ್ತೆಯವರ ಮುಂದೆ ನಡೆಯುತ್ತ, ಎದುರು ಬರುತ್ತಿದ್ದ ಪ್ರಯಾಣಿಕರನ್ನೆಲ್ಲ ಬದಿಗೆ ಸರಿಸತೊಡಗಿದ. ಮಠದ ಸ್ವಾಮಿಗಳ ಮುಂದೆ ನಡೆಯುವ ಚೋಪದಾರನಿಗೂ ಅಂಥ ಗತ್ತು ಇರಲಾರದು.

ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಹಡಗು ಕೂಗಿತು. ಅತ್ತೆಯವರೇ ಅವಸರದಲ್ಲಿ ಕೈಮುಗಿದು, “ಸಾಕು, ನಡೀರಿ,” ಎಂದು ದಡದತ್ತ ತಿರುಗಿದರು. ಕಾವಲುಗಾರ ದಾರಿಗಡ್ಡ ನಿಂತು ಒಂದು ಬೆರಳು ಎತ್ತಿದ.

“ಇನ್ನೂ ಒಂದು ಇದೆ.”