ಕೌದಿ ಹೊದ್ದ ಸ್ಪೀಕರ್

ಸ್ಪೀಕರಿನ ಬೆನ್ನು ಮುಚ್ಚಬಾರದೆಂದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಇಂಡಿ ಪಟ್ಟಣದಲ್ಲಿ ನನ್ನದು ಮೈಕ್‌ಸೆಟ್ ಬಾಡಿಗೆ ಕೊಡುವ ಕೆಲಸ. ಮೊದಲು ತುತ್ತೂರಿಯಂಥ ತಗಡಿನ ಭೋಂಗಾಗಳಿದ್ದವು, ಆಂಪ್ಲಿಫೈಯರ್ ಬೇರೆಯೇ ಇರುತ್ತಿತ್ತು. ಆಮೇಲೆ ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಎರಡು ದೊಡ್ಡ ಸ್ಪೀಕರ್ ತಂದೆ. ಅಂಗಡಿಯವರು ಹಿಂದಿನ ಅಲ್ಯೂಮಿನಿಯಂ ಪಟ್ಟಿಗಳನ್ನು ತೋರಿಸಿ, "ಕಾವು ಹೊರಗ ಹೋಗೂದು ಇಲ್ಲಿಂದರಿ. ಇದನ್ನ ಮುಚ್ಚಬ್ಯಾಡ್ರಿ, ಧೂಳ ಕೂಡಾಕ ಬಿಡಬ್ಯಾಡ್ರಿ" ಅಂದಿದ್ದರು. ನಾನು ದೊಡ್ಡ ತಿಳಿದವನಂತೆ ಗೋಣು ಹಾಕಿದ್ದೆ.

ಮನೆಗೆ ತಂದರೆ ಹೆಂಡತಿಗೆ ಎಲ್ಲಿಲ್ಲದ ಸಡಗರ. ತಿಂಗಳುಗಟ್ಟಲೆ ಕೂತು, ಹಳೆಯ ಇಳಕಲ್ ಸೀರೆಗಳನ್ನು ಪದರಪದರವಾಗಿ ಜೋಡಿಸಿ, ಎರಡಕ್ಕೂ ಕೌದಿ ಹೊಲಿದಳು. ನಮ್ಮ ಕಡೆ ಕೂಸಿಗೆ ಕೌದಿ ಹೊಲಿಯುತ್ತಾರೆ, ಇವಳು ಸ್ಪೀಕರಿಗೆ ಹೊಲಿದಳು. ಮುಂದೆ ಸದ್ದು ಬರುವ ಜಾಲರಿಗೆ ಕಿಂಡಿ, ಹಿಂದೆ ವೈರಿಗೊಂದು ತೂತು, ಉಳಿದ ಬೆನ್ನೆಲ್ಲ ಬಂದ್. ಮೂಲೆಯಲ್ಲಿ ಕೆಂಪು ದಾರದ ಗಿಳಿ ಬೇರೆ. ಆ ಮುಖದ ಸಂತೋಷ ನೋಡಿ "ಬೆನ್ನು ಕತ್ತರಿಸು" ಅನ್ನುವ ಧೈರ್ಯ ನನಗಾಗಲಿಲ್ಲ. ಸಣ್ಣಪುಟ್ಟ ಕಾರ್ಯಕ್ರಮಗಳು ಸುಸೂತ್ರವಾಗಿ ನಡೆದವು, ನಾನೂ ಮರೆತೆ.

ಮಾವ ತಾಂಬಾ ಊರಿನವರು, ನಿವೃತ್ತ ಮಾಸ್ತರರು. ನಾಲ್ಕು ಮಂದಿ ಕೂಡಿದಲ್ಲಿ "ನಮ್ಮ ಅಳಿಯಂದ್ರು ಭೋಂಗಾ ಊದತಾರ" ಅಂತ ನನ್ನ ಪರಿಚಯ ಮಾಡಿಸುತ್ತಿದ್ದರು. ಜನ ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಕಿರಿಮಗಳ ಮದುವೆಗೆ ಅದೇ ಮಾವ ಮೈಕಿನ ಕೆಲಸ ನನಗೇ ಒಪ್ಪಿಸಿದಾಗ, ಈ ಸಲ ಅವರ ಬಾಯಿ ಮುಚ್ಚಿಸಿಯೇ ಸಿದ್ಧ ಎಂದುಕೊಂಡೆ.

ಬೇಸಿಗೆಯ ಮಧ್ಯಾಹ್ನ. ಬೆಳಗಿನಿಂದ ಸ್ಪೀಕರ್ ಹಾಡಿ ಹಾಡಿ ಕಾದಿದ್ದವು. ಅಕ್ಷತೆಯ ಹೊತ್ತಿಗೆ ಮದುವೆ ಮಾಡಿಸುವ ಅಯ್ಯನವರು ಮೈಕ್ ಹಿಡಿದು ಮಂಗಲಾಷ್ಟಕ ಶುರು ಮಾಡಿದರು. ಪದ್ಯದ ಕೊನೆಗೆ "ಸಾವಧಾನ" ಕೇಳಿದೊಡನೆ ಜನ ಅಕ್ಕಿಕಾಳು ತೂರಬೇಕು. ಹಿಂದೆ ಕೂತವರಿಗೆ ಮದುವೆ ಕಾಣುವುದಿಲ್ಲ, ಕೇಳುತ್ತದೆ. ಎರಡನೆಯ ಪದ್ಯದ ನಡುವೆ ಎರಡೂ ಸ್ಪೀಕರ್ ಗಪ್‌ಚಿಪ್. ಹಿಂದಿನವರು ಎಲ್ಲ ಮುಗಿಯಿತೆಂದು ಕೈಯಲ್ಲಿದ್ದ ಅಕ್ಕಿಯನ್ನೆಲ್ಲ ಒಮ್ಮೆಲೇ ತೂರಿ, ಊಟದ ಪಂಕ್ತಿಗೆ ಓಡಿದರು. ಮದುಮಗಳ ಕೊರಳಿಗೆ ಇನ್ನೂ ತಾಳಿ ಬಿದ್ದಿರಲಿಲ್ಲ.

ಮಾವ ಬಂದರು. "ಏನ್ರಿ ಅಳಿಯಂದ್ರ, ಲಗ್ನಾ ಮುಗೀತೇನ್ರಿ?"

ನಾನು ವೈರು ಕೆದಕುತ್ತಿದ್ದೆ. ಹೆಂಡತಿ ಬಂದು ಕೌದಿಯೊಳಗೆ ಕೈ ಹಾಕಿ ಸರಕ್ಕನೆ ಹಿಂದೆಗೆದಳು. "ಅಯ್ಯ, ಕಾದ ಹಂಚಾಗೈತಲ್ಲರಿ! ಹಿಂಗಾಗತೈತಿ ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು. ನಿನಗ ಬ್ಯಾಸರ ಆಗತೈತಿ ಅಂತ..."

"ನನ್ನ ತಂಗಿ ಲಗ್ನಾ ನಿಂತೈತಿ. ಬ್ಯಾಸರ ಆಮ್ಯಾಲ ಮಾಡ್ಕೋತೇನಿ!" ಎಂದವಳೇ ಎರಡೂ ಕೌದಿ ಕಿತ್ತೆಸೆದಳು.

ಕೌದಿ ತೆಗೆದರೂ, ಕಾವಿಗೆ ತಾವೇ ಬಂದಾದ ಸ್ಪೀಕರ್ ಮತ್ತೆ ಹಾಡಲು ಕಾವು ಇಳಿಯಬೇಕಲ್ಲ. ಆಗ ಮಾವ, ಜರಿ ರುಮಾಲು ಸುತ್ತಿದ್ದ ನಮ್ಮ ಮಾವ, ಯಾರದೋ ಕೈಯ ಬೀಸಣಿಗೆ ಕಸಿದುಕೊಂಡು ಒಂದು ಸ್ಪೀಕರಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಇನ್ನೊಂದರ ಹಿಂದೆ ನಾನು ಕೂತೆ. "ಜೋರ ಬೀಸ್ರಿ, ಇದಕ್ಕ ಜ್ವರ ಬಂದೈತಿ" ಅಂತ ನನಗೇ ಹುಕುಂ. ಅಯ್ಯನವರು ಕಾದರು, ಮದುಮಕ್ಕಳು ನಕ್ಕರು. ಕಡೆಗೆ ಸ್ಪೀಕರಿನ ಬೆನ್ನ ಮೇಲೆ ಕಾವಿಗೆ ಹೊತ್ತಿದ್ದ ಕೆಂಪು ದೀಪ ಆರಿ ಹಸಿರು ಬಂತು. "ಸಾವಧಾನ" ಮೊಳಗಿತು. ಪಂಕ್ತಿಯಲ್ಲಿ ಕೂತವರು ಗಾಬರಿಯಾಗಿ ಓಡಿಬಂದರು, ಅಕ್ಕಿಯಿಲ್ಲದ್ದಕ್ಕೆ ಚಪ್ಪಾಳೆ ತಟ್ಟಿದರು.

ಊಟಕ್ಕೂ ಮೊದಲು ಹೆಂಡತಿ ಕತ್ತರಿ ಹುಡುಕಿ ತಂದು, ಗಿಳಿಗಳನ್ನು ಉಳಿಸಿ, ಎರಡೂ ಕೌದಿಯ ಬೆನ್ನನ್ನು ತಾನೇ ಕತ್ತರಿಸಿದಳು. ಈಗ ಪ್ರತಿ ಕಾರ್ಯಕ್ರಮವಾದ ಮೇಲೆ ಬ್ರಷ್ ಹಿಡಿದು ಪಟ್ಟಿಗಳ ಧೂಳು ತೆಗೆಯುವವಳೂ ಅವಳೇ.

ಅವತ್ತು ಊಟಕ್ಕೆ ಹೊರಟಾಗ ಬೀಗರೊಬ್ಬರು ನನ್ನನ್ನು ತೋರಿಸಿ ಇವರು ಯಾರೆಂದು ಕೇಳಿದರು. ಭೋಂಗಾದ ಮಾತು ಬಂತೆಂದು ನಾನು ತಲೆ ತಗ್ಗಿಸಿದೆ.

"ನಮ್ಮ ಹಿರೇ ಅಳಿಯಂದ್ರು" ಅಂದರು ಮಾವ. "ಇವರು ಸುಮ್ಮನಾದ್ರ ಲಗ್ನಾನೂ ನಿಲ್ಲತೈತಿ ನೋಡ್ರಿ."

ನಾನು ತಲೆ ಎತ್ತಿ ನೋಡಿದೆ. ಅವರ ಕೈಯಲ್ಲಿ ಬೀಸಣಿಗೆ ಇನ್ನೂ ಹಾಗೇ ಇತ್ತು.