ಅವ್ವ ಕೇಳಿದ ಇಡೀ ರೊಟ್ಟಿ

ಅದು ೧೯೪೧ರ ಮಳೆಗಾಲ. ಹದಿನಾಲ್ಕು ವರ್ಷದ ನಾನು ವಿದ್ಯಾರ್ಜನೆಗಾಗಿ, ಕುಷ್ಟಗಿ ಹತ್ತಿರದ ನಮ್ಮ ಹಳ್ಳಿಯಿಂದ ಗಂಗಾವತಿಯೆಂಬ ಪರದೇಶಕ್ಕೆ ಬಿಜಯಂಗೈದೆ. ಎತ್ತಿನ ಗಾಡಿಯಲ್ಲಿ ಎರಡು ದಿನದ ದಾರಿ. ಅಲ್ಲೊಂದು ಬೋರ್ಡಿಂಗ್ ಇತ್ತು. ಹುಡುಗರು ಮುಂಜಾನೆ ಅದರ ಗದ್ದೆಯಲ್ಲಿ ದುಡಿಯಬೇಕು, ಮಧ್ಯಾಹ್ನ ಸಾಲೆಗೆ ಹೋಗಬೇಕು. ಊಟ, ವಸತಿ ಪುಕ್ಕಟೆ. ಅಪ್ಪನಿಲ್ಲದ ನನಗೆ ಮುಂದೆ ಓದಲು ಬೇರೆ ದಾರಿ ಇರಲಿಲ್ಲ.

ಇನ್ನೊಂದು ಆಸೆ, ಅನ್ನದ್ದು. ನಮ್ಮ ಕಡೆ ಅನ್ನ ಬೇಯಬೇಕಾದರೆ ಹಬ್ಬವಾದರೂ ಬರಬೇಕು, ಯಾರಿಗಾದರೂ ಜ್ವರವಾದರೂ ಬರಬೇಕು. ಅಲ್ಲಿ ಎರಡು ಹೊತ್ತೂ ಅನ್ನ! ನಾಲ್ಕು ದಿನ ನವಾಬನ ಹಾಗೆ ಉಂಡೆ. ಐದನೆಯ ದಿನ ಎಷ್ಟು ಉಂಡರೂ ಹೊಟ್ಟೆ ತುಂಬಿದ ಹಾಗಾಗಲಿಲ್ಲ. ಎಂಟನೆಯ ದಿನ, ಮೊಣಕಾಲ ಮಟ ಕೆಸರಿನಲ್ಲಿ ನಿಂತವನಿಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿಸತೊಡಗಿತು.

ಅದೇ ಧ್ಯಾನದಲ್ಲಿ ಕಳೆ ಕೀಳಲು ಹೋಗಿ ಹುಲ್ಲು ಉಳಿಸಿ ಭತ್ತ ಕಿತ್ತೆ. ಜೋಳದ ಸೀಮೆಯ ಕಣ್ಣಿಗೆ ಎರಡೂ ಒಂದೇ. ಗದ್ದೆಯ ಕೆಲಸ ನೋಡಿಕೊಳ್ಳುತ್ತಿದ್ದ ಭೀಮಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನ್ರಿ ಕುಷ್ಟಗಿ ಸಾಹೇಬ್ರ, ಹುಲ್ಲು ಬೆಳಸಾಕ ಬಂದೀರೇನು?”

ಅಂದಿನಿಂದ ನನ್ನ ಹೆಸರು ಸಾಹೇಬ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ನಮ್ಮ ಸೀಮೆಯ ಸರಕಾರಿ ಸಾಲೆಗಳಲ್ಲಿ ನಡೆಯುತ್ತಿದ್ದುದು ಉರ್ದು, ನಾನು ಕಲಿತದ್ದೆಲ್ಲ ಅದೇ. ತರಗತಿಯಲ್ಲಿ ಅದರಲ್ಲಿ ನನ್ನದೇ ಮೊದಲ ನಂಬರು. ಕನ್ನಡ ಮನೆಮಾತು, ಅದನ್ನು ಬರೆಯಲೂಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಬಂದ ವಾರದಲ್ಲೇ ಅವ್ವನಿಗೆ ಒಂದು ಪುಟ ತುಂಬ ಕಾಗದ ಬರೆದಿದ್ದೆ, ಸೊಗಸಾದ ಉರ್ದುವಿನಲ್ಲಿ.

ತಿಂಗಳಿಗೆ ಅವ್ವನ ಕಾಗದ ಬಂತು, ಕನ್ನಡದಲ್ಲಿ. ಮೊದಲ ನಂಬರಿನ ವಿದ್ವಾಂಸನಿಗೆ ಒಂದಕ್ಷರ ಓದಲು ಬರಲಿಲ್ಲ.

ಅಲ್ಲಿ ಕನ್ನಡ ಓದಬಲ್ಲವನು ಭೀಮಪ್ಪ ಒಬ್ಬನೇ. ಬಯಲಾಟದಲ್ಲಿ ಅವನದು ರಾಕ್ಷಸನ ಪಾತ್ರ. ಮಾತು ಬಾಯಿಪಾಠ ಮಾಡಲು ಅಕ್ಷರ ಕಲಿತಿದ್ದ. ಅವನಿಗೆ ಓದುವುದೆಂದರೆ ಅಬ್ಬರಿಸುವುದು. ಬದುವಿನ ಮೇಲೆ ನಿಂತು, ಇಡೀ ಗದ್ದೆಗೆ ಕೇಳುವಂತೆ ಶುರು ಮಾಡಿದ:

“ಮಗನ! ಮಠದ ಅಯ್ಯನವರ ಕಡಿಂದ ಬರಸೀನಿ. ನೀ ಹೋದಾಗಿಂದ ಒಂದು ಓಲಿ ಬರದಿಲ್ಲ. ಟಪಾಲಿನವ ಒಂದು ಉರ್ದು ಕಾಗದ ಕೊಟ್ಟು ಹೋಗ್ಯಾನ. ಏನು ಸರಕಾರಿ ನೋಟೀಸೋ ಏನೋ! ಅಯ್ಯನವರಿಗೂ ಓದಾಕ ಬರಲಿಲ್ಲ. ಹೆದರಿ ಜೋಳದ ಗುಮ್ಮಿಯೊಳಗ ಹುಗದಿಟ್ಟೀನಿ!”

ಹುಡುಗರು ಬಿದ್ದು ಬಿದ್ದು ನಕ್ಕರು. ಭೀಮಪ್ಪನ ದನಿ ಮಾತ್ರ ಇಳಿಯುತ್ತ ಬಂತು.

“ಬರಿಯಾಕ ಪುರಸೊತ್ತು ಇಲ್ಲಾಂದ್ರ ಒಂದು ರೊಟ್ಟಿ ಚಿತ್ರನರ ಬರದು ಕಳಸು. ಛಲೋ ಇದ್ರ ಇಡೀ ರೊಟ್ಟಿ. ಇಲ್ಲಾಂದ್ರ ಅರ್ಧ ರೊಟ್ಟಿ. ಅರ್ಧ ಬಂತಂದ್ರ ಮಾವನ ಗಾಡಿ ಹೂಡಿ ಕಳಸ್ತೀನಿ.”

“ಆ ಉರ್ದು ಕಾಗದ ನಂದ ಐತಿ, ಭೀಮಪ್ಪ ಕಾಕಾ” ಎಂದೆ. ಯಾರೂ ನಗಲಿಲ್ಲ.

ಕಾಗದ, ಮಸಿಯ ದೌತಿ ತಂದು ಬದುವಿನ ಮೇಲೆ ಕೂತೆ. ಅರ್ಧ ರೊಟ್ಟಿ ಹೋದರೆ ಗಾಡಿ ಬರುತ್ತದೆ, ಬಿಸಿರೊಟ್ಟಿ ಸಿಗುತ್ತದೆ, ಓದು ಅಲ್ಲಿಗೆ ಮುಗಿಯುತ್ತದೆ. ಅರ್ಧ ಬರೆದೆ. ಕೈ ಅಲ್ಲೇ ನಿಂತಿತು. ಮಸಿ ಒಣಗಿತು.

ಭೀಮಪ್ಪ ಪಕ್ಕಕ್ಕೆ ಬಂದು ಕೂತ. “ಗಾಡಿ ಬಂದ್ರ ನಾನ ಹತ್ತಿಸಿ ಕಳಸ್ತೀನಿ. ನಾ ಹೋಗು ಅನ್ನಾಂವನೂ ಅಲ್ಲ, ಇರು ಅನ್ನಾಂವನೂ ಅಲ್ಲ. ಆದ್ರ ಇದ್ದಿ ಅಂದ್ರ, ದೀಪಾವಳಿ ಅನ್ನೂದರಾಗ ನಿಮ್ಮವ್ವಗ ತಿಳಿಯೂವಂಗ ಬರಿಯಾಕ ನಾ ಕಲಸ್ತೀನಿ.”

ಬಹಳ ಹೊತ್ತಿನ ಮೇಲೆ ಉಳಿದರ್ಧ ಬರೆದೆ.

ಅವನು ಕೆಸರಿನಲ್ಲಿ ಕೋಲಿನಿಂದ ಅಕ್ಷರ ಬರೆಯುವನು, ನಾನು ಅದರ ಮೇಲೆ ಬೆರಳಾಡಿಸುವೆನು. ಅಷ್ಟರಲ್ಲಿ ನೀರು ಬಂದು ಅಳಿಸುವುದು. ಭತ್ತ ಯಾವುದು, ಹುಲ್ಲು ಯಾವುದು ಎಂಬುದೂ ಅದೇ ಕೆಸರಿನಲ್ಲಿ ತಿಳಿಯಿತು. ದೀಪಾವಳಿಗೆ ನನ್ನ ಮೊದಲ ಕನ್ನಡ ಕಾಗದ ಊರಿಗೆ ಹೋಯಿತು. ಗುರುಪ್ರಭಾವದಿಂದ ಅದರ ಆರಂಭ ಹೀಗಿತ್ತು: “ಎಲೈ ತಾಯೇ, ಕೇಳುವಂಥವಳಾಗು!” ಅಯ್ಯನವರು ಓದಿದಾಗ ಅವ್ವ ಗಾಬರಿಯಾಗಿ ಎದ್ದು ನಿಂತಳಂತೆ.

ಬೇಸಿಗೆಗೆ ಊರಿಗೆ ಹೋದೆ. ಮೂರು ರೊಟ್ಟಿ ಇಳಿಯುವವರೆಗೆ ಅವ್ವ ಬಡಿಸುತ್ತಲೇ ಇದ್ದಳು. ಆಮೇಲೆ ಕಾಳು ತುಂಬಿಡುವ ಗುಮ್ಮಿಯಿಂದ ಎರಡು ಕಾಗದ ತೆಗೆದಳು, ಆ ‘ನೋಟೀಸು’ ಮತ್ತು ನನ್ನ ರೊಟ್ಟಿ. ರೊಟ್ಟಿಯ ಅಂಚಿನ ಮೇಲೆ ಬೆರಳಿಟ್ಟಳು. ಎರಡು ಗೆರೆಗಳು ಅಲ್ಲಿ ಕೂಡಿರಲಿಲ್ಲ. ಮಸಿಯೂ ಒಂದು ಕಡೆ ತಿಳಿ, ಒಂದು ಕಡೆ ದಟ್ಟ.

“ಒಂದ ಸಲ ಬರದ ರೊಟ್ಟಿ ಅಲ್ಲ ಇದು. ಎರಡು ಅರ್ಧ ಅದಾವು.”

“ಮತ್ತ ಗಾಡಿ ಯಾಕ ಕಳಸಲಿಲ್ಲ?”

“ಹೂಡಿಸಿದ್ದೆ. ಊರ ಅಗಸಿ ಬಾಗಲ ತನಕ ಹೋಗಿತ್ತು. ಆಮ್ಯಾಲ ಅಂದ್ಕೊಂಡೆ, ಉಳದರ್ಧನೂ ಅವನ ಕೈಲೇ ಬರದಾನಲ್ಲ, ಇರಲಿ ಅಂತ. ತಿರಗಿ ಕರಸಿದೆ.”

ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

ಮುಂದೆ ನೌಕರಿಯಲ್ಲಿ ಎಲ್ಲಿದ್ದರೂ ಅವ್ವನಿಗೆ ಬರೆದ ಕಾಗದದಲ್ಲಿ ಸಹಿಯ ಕೆಳಗೊಂದು ರೊಟ್ಟಿ ಇರುತ್ತಿತ್ತು. ಅವ್ವ ಹೋಗಿ ಬಹಳ ಕಾಲವಾಯಿತು. ಈಗಲೂ ಯಾರಿಗಾದರೂ ಕಾಗದ ಬರೆದು ಸಹಿ ಹಾಕಿದ ಮೇಲೆ ಕೈ ತಾನಾಗಿ ಕೆಳಗಿಳಿದು ಅರ್ಧ ಗೆರೆ ಎಳೆದು ನಿಲ್ಲುತ್ತದೆ. ಅದನ್ನು ನೋಡಿ ಗಾಡಿ ಹೂಡಿಸುವವರು ಯಾರೂ ಇಲ್ಲ. ಉಳಿದರ್ಧವನ್ನೂ ನಾನೇ ಬರೆದು ಮುಗಿಸುತ್ತೇನೆ.